ನಾಲ್ಕು ಮೈಲಿಯ ರೈಲು

ನಾಲ್ಕು ಮೈಲಿ ದೂರ. ಇಷ್ಟಕ್ಕೆ ಒಂದು ರೈಲುದಾರಿ ಬೇಕೆಂದು ಯಾರಾದರೂ ಅರ್ಜಿ ಹಾಕಿದರೆ ಕೇಳಿದವರು ನಕ್ಕಾರು. ನಮ್ಮ ಹಿರಿಯರು ಸಂತೆಗೆಂದು ಅಷ್ಟು ದೂರವನ್ನು ನಡೆದೇ ಹೋಗಿ, ತಲೆಯ ಮೇಲೆ ಗಂಟು ಹೊತ್ತು ನಡೆದೇ ಬರುತ್ತಿದ್ದರು. ಆದರೆ ಜಪಾನಿನ ಒಂದು ಮೂಲೆಯಲ್ಲಿ ಸರಿಯಾಗಿ ನಾಲ್ಕೇ ಮೈಲಿ, ಎಂದರೆ 6.4 ಕಿಲೋಮೀಟರು ಉದ್ದದ ರೈಲುದಾರಿಯೊಂದು 1923ರಿಂದ ನಡೆದುಬಂದಿದೆ. ಅದರ ಮೇಲೆ ಹತ್ತು ಸ್ಟೇಷನ್ನುಗಳು. ಈ ತುದಿಯಿಂದ ಆ ತುದಿಗೆ ಸುಮಾರು ಇಪ್ಪತ್ತು ನಿಮಿಷದ ಪಯಣ. ಇದನ್ನು ನಡೆಸುವುದಕ್ಕೆಂದೇ ಒಂದು ಕಂಪನಿ ಇದೆ. ಅದರ ಹೆಸರು ಚೋಶಿ ವಿದ್ಯುತ್ ರೈಲ್ವೆ. ಈ ಕಂಪನಿ ಇಂದಿಗೂ ಬದುಕಿದೆ. ಆದರೆ ಅದು ಬದುಕಿರುವುದು ಟಿಕೆಟ್ಟಿನ ಹಣದಿಂದಲ್ಲ, ಅಕ್ಕಿಯ ಹಿಟ್ಟಿನ ಬಿಲ್ಲೆಗಳನ್ನು ಮಾರಿ ಎಂದರೆ ನೀವು ನಂಬುವಿರಾ? ಆ ಕತೆಯನ್ನೇ ಈಗ ನಿಮಗೆ ಹೇಳಹೊರಟಿದ್ದೇನೆ.

ಮೊದಲು ಊರು ಎಲ್ಲಿದೆ ಎಂಬುದನ್ನು ಕಂಡುಕೊಳ್ಳೋಣ. ಜಪಾನಿನ ಭೂಪಟ ನಿಮ್ಮ ಮನೆಯಲ್ಲಿದ್ದರೆ ಟೋಕಿಯೋ ನಗರದ ಮೇಲೆ ಬೆರಳಿಟ್ಟು ಮೂಡಲಿಗೆ ಎಳೆಯಿರಿ. ನೆಲ ಮುಗಿದು ಪೆಸಿಫಿಕ್ ಸಾಗರ ಆರಂಭವಾಗುವಲ್ಲಿ ಒಂದು ಮೂಗಿನಂತೆ ಚಾಚಿಕೊಂಡ ಜಾಗ ಸಿಗುತ್ತದೆ. ಅದೇ ಚೋಶಿ. ಟೋಕಿಯೋದಿಂದ ರೈಲಿನಲ್ಲಿ ಸುಮಾರು 120 ಕಿಲೋಮೀಟರು. 322 ಕಿಲೋಮೀಟರು ಹರಿದುಬಂದ ತೊನೆ ನದಿ ಅಲ್ಲಿ ಸಮುದ್ರವನ್ನು ಸೇರುತ್ತದೆ. ಎರಡು ವಸ್ತುಗಳಿಗೆ ಈ ಊರು ಹೆಸರುವಾಸಿ. ಒಂದು ಮೀನು: ಬಂದರಿನಲ್ಲಿ ಇಳಿಯುವ ಮೀನಿನ ತೂಕದಲ್ಲಿ 2011ರಿಂದ ಹಲವು ವರ್ಷ ಚೋಶಿಯೇ ಇಡೀ ಜಪಾನಿಗೆ ಮೊದಲು. ಇನ್ನೊಂದು ಷೋಯು, ನಮ್ಮ ಅಂಗಡಿಗಳಲ್ಲಿ ಸೋಯಾ ಸಾಸ್ ಎಂದು ಸಿಗುವ ಕರಿಯ ರಸ. ಸೋಯಾ ಕಾಳು, ಗೋಧಿ, ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟು, ಆಮೇಲೆ ಹಿಂಡಿ ತೆಗೆಯುವ ರಸ ಅದು. ಚೋಶಿಯ ಎರಡು ದೊಡ್ಡ ಷೋಯು ಮನೆತನಗಳಲ್ಲಿ ಹಿಗೆತಾ 1616ರಲ್ಲಿ, ಯಾಮಾಸಾ 1645ರಲ್ಲಿ ಆರಂಭವಾದವು. ಯಾಮಾಸಾವನ್ನು ತೆರೆದವನು ಚೋಶಿಯವನಲ್ಲ. ಬಹುದೂರದ ಪಡುವಣದ ಕಿಶೂ ಸೀಮೆಯಿಂದ, ಈಗಿನ ವಾಕಾಯಾಮಾ ಪ್ರಾಂತದಿಂದ ಬಂದವನು. ಈ ಕಿಶೂ ಎಂಬ ಹೆಸರನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ರೈಲಿನ ಹುಟ್ಟು ಒಂದು ಸಾವಿನಿಂದ ಆಯಿತು ಎನ್ನಬೇಕು. ದೊಡ್ಡ ರೈಲುದಾರಿ ಟೋಕಿಯೋ ಕಡೆಯಿಂದ ಚೋಶಿಗೆ ಬಂದದ್ದು 1897ರಲ್ಲಿ. ಊರಾಚೆ ಇನುಬೋ ಎಂಬ ಭೂಶಿರವಿದೆ. ಬ್ರಂಟನ್ ಎಂಬ ಸ್ಕಾಟ್ಲೆಂಡಿನ ಎಂಜಿನಿಯರು ಅಲ್ಲಿ ಕಟ್ಟಿಸಿದ ಇಟ್ಟಿಗೆಯ ದೀಪಸ್ತಂಭ 1874ರಲ್ಲಿ ಬೆಳಗಿತು, ಇಂದಿಗೂ ಬೆಳಗುತ್ತಿದೆ. ಅದನ್ನೂ ಕಡಲನ್ನೂ ನೋಡಬರುವ ಜನರಿಗಾಗಿ 1913ರ ಕೊನೆಯಲ್ಲಿ ಒಂದು ವಿಹಾರದ ರೈಲು ಹಾಕಿದರು. ನಾಲ್ಕು ವರ್ಷ ತುಂಬುವುದಕ್ಕೆ ಮೊದಲೇ, 1917ರಲ್ಲಿ, ಅದನ್ನು ಮುಚ್ಚಿದರು. ಏಕೆ ಗೊತ್ತೆ? ಆಗ ಯೂರೋಪಿನಲ್ಲಿ ಮಹಾಯುದ್ಧ. ಕಬ್ಬಿಣದ ಬೆಲೆ ಆಕಾಶಕ್ಕೇರಿತ್ತು. ಜನರನ್ನು ಒಯ್ದು ಗಳಿಸುವುದಕ್ಕಿಂತ ಹಳಿ ಕಿತ್ತು ಮಾರಿದರೇ ಲಾಭವೆಂದು ಕಂಡಿತು, ಮಾರಿದರು. ವ್ಯಾಪಾರದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಆದರೆ ರೈಲು ಕಂಡ ಊರಿಗೆ ರೈಲಿಲ್ಲದೆ ಇರುವುದು ಕಷ್ಟ. ಊರಿನವರು ಮತ್ತೆ ಕಂಪನಿ ಕಟ್ಟಿ, ಹಳಿಯಿಲ್ಲದೆ ಬಿದ್ದಿದ್ದ ಅದೇ ಜಾಡಿನ ಮೇಲೆ, ಇನುಬೋದಿಂದಾಚೆಗೆ ತೊಕಾವಾ ಎಂಬ ಬೆಸ್ತರ ಹಳ್ಳಿಯವರೆಗೂ ಹಳಿ ಹಾಕಿ, 1923ರ ಜುಲೈ 5ರಂದು ಗಾಡಿ ಓಡಿಸಿದರು. ಎರಡು ತಿಂಗಳಿಗೆ ಟೋಕಿಯೋವನ್ನು ನೆಲಸಮ ಮಾಡಿದ ಆ ದೊಡ್ಡ ಭೂಕಂಪ! 1925ರಲ್ಲಿ ದಾರಿಗೆ ವಿದ್ಯುತ್ತು ಬಂತು.

ಬನ್ನಿ, ಒಮ್ಮೆ ಕೂತು ಹೋಗೋಣ. ಚೋಶಿಯಲ್ಲಿ ದೊಡ್ಡ ರೈಲಿನಿಂದ ಇಳಿದು ಅದೇ ಪ್ಲಾಟ್‌ಫಾರಂ ಹಿಡಿದು ಮುಂದೆ ನಡೆದರೆ, ಅದರ ಕೊನೆಗೆ ಅಂಟಿಕೊಂಡಂತೆ ಚಿಕ್ಕ ನಿಲ್ದಾಣ. ಎರಡು ಡಬ್ಬಿಯ ಗಾಡಿ ನಿಂತಿರುತ್ತದೆ. ಹಳಿಗಳ ನಡುವಣ ಅಗಲ ಮೂರೂವರೆ ಅಡಿ. ನಮ್ಮ ಸೀಮೆಯಲ್ಲಿ ಹಿಂದೆ ಇದ್ದ ಮೀಟರ್ ಗೇಜಿಗಿಂತ ಮೂರು ನಾಲ್ಕು ಬೆರಳಗಲ ಹೆಚ್ಚು, ಅಷ್ಟೆ. ಟಿಕೆಟ್ಟು ಕೊಳ್ಳಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಗಾಡಿಯಲ್ಲಿ ಕಂಡಕ್ಟರು ಇರುತ್ತಾರೆ. ನಮ್ಮ ಬಸ್ಸಿನಂತೆ ಅವರೇ ನಿಮ್ಮಲ್ಲಿಗೆ ಬಂದು ಟಿಕೆಟ್ಟು ಕೊಡುತ್ತಾರೆ. ದಾರಿಯ ಕೆಲವು ಸ್ಟೇಷನ್ನುಗಳಲ್ಲಿ ಸಿಬ್ಬಂದಿಯೇ ಇಲ್ಲ.

ಹೊರಟ ಎರಡು ನಿಮಿಷಕ್ಕೆ ನಾಕಾನೋಚೋ. ಯಾಮಾಸಾ ಕಾರ್ಖಾನೆ ಪಕ್ಕದಲ್ಲೇ ಇದೆ. ಷೋಯುವಿನ ವಾಸನೆ ಗಾಡಿಯೊಳಕ್ಕೇ ಬರುತ್ತದೆ. ಕಂಪನಿಯ ಗಾಡಿಗಳ ರಿಪೇರಿ ಮನೆಯೂ ಇಲ್ಲೇ. ಅಲ್ಲಿ ಕರಿಬಣ್ಣದ ಒಂದು ಪುಟಾಣಿ ವಿದ್ಯುತ್ ಎಂಜಿನ್ನಿದೆ. 1922ರಲ್ಲಿ ಜರ್ಮನಿಯಲ್ಲಿ ತಯಾರಾಗಿ, ಜಪಾನಿನ ಒಂದು ಕಲ್ಲಿದ್ದಲ ಗಣಿಯಲ್ಲಿ ದುಡಿದು, 1941ರಲ್ಲಿ ಇಲ್ಲಿಗೆ ಬಂತು. ಷೋಯು ತುಂಬಿದ ವ್ಯಾಗನ್ನುಗಳನ್ನು ದೊಡ್ಡ ರೈಲಿಗೆ ಮುಟ್ಟಿಸುವುದು ಅದರ ಕೆಲಸವಾಗಿತ್ತು. 1984ರಲ್ಲಿ ಸರಕು ಸಾಗಣೆ ನಿಂತಿತು. ಎಂಜಿನ್ನನ್ನು ಮಾತ್ರ ಗುಜರಿಗೆ ಹಾಕದೆ ಇಟ್ಟುಕೊಂಡರು.

ಮುಂದಿನದು ಕಾನ್ನೊನ್. ಹೆಸರು ವಿಚಿತ್ರವೆನಿಸಿತೆ? ದೇವರು ನಮ್ಮ ಕಡೆಯವನೇ. ಬೌದ್ಧರ ಅವಲೋಕಿತೇಶ್ವರನನ್ನು ಜಪಾನೀಯರು ಕಾನ್ನೊನ್ ಎನ್ನುತ್ತಾರೆ. ಹತ್ತಿರದಲ್ಲಿ ಅವನ ಗುಡಿಯಿದೆ. ಅಲ್ಲಿಂದ ಮೋತೋ-ಚೋಶಿ. ಎರಡು ಕಡೆಯ ಮರಗಳೂ ಬಾಗಿ ಹಳಿಯ ಮೇಲೆ ಚಪ್ಪರ ಹಾಕಿವೆ. ಆಮೇಲೆ ಕಾಸಗಾಮಿ-ಕುರೊಹಾಯೆ. ಇಡೀ ದಾರಿ ಒಂಟಿ ಹಳಿ. ಎದುರುಬದರಾದ ಗಾಡಿಗಳು ಒಂದನ್ನೊಂದು ದಾಟುವುದು ಇಲ್ಲಿ ಮಾತ್ರ. ಅದು ಬಂದ ಹೊರತು ಇದು ಹೋಗುವಂತಿಲ್ಲ. ಹಾಗಾಗಿ ಒಂದು ಗಾಡಿ ತಡವಾದರೆ ಇನ್ನೊಂದಕ್ಕೂ ಅದೇ ಗತಿ. ಇನ್ನು ಮುಂದೆ ಮನೆಗಳು ವಿರಳವಾಗಿ, ಎಲೆಕೋಸಿನ ಹೊಲಗಳು ಬರುತ್ತವೆ. ಅಶಿಕಾಜಿಮಾ, ಕಿಮಿಗಾಹಾಮಾ, ಇನುಬೋ. ಹೊಸವರ್ಷದ ದಿನ ನಸುಕಿನಲ್ಲೇ ಇಲ್ಲಿಗೆ ವಿಶೇಷ ಗಾಡಿಗಳು ಓಡುತ್ತವೆ. ದ್ವೀಪಗಳನ್ನೂ ಬೆಟ್ಟದ ತುದಿಗಳನ್ನೂ ಬಿಟ್ಟರೆ, ಜಪಾನಿನಲ್ಲಿ ವರ್ಷದ ಮೊದಲ ಸೂರ್ಯ ಎಲ್ಲಕ್ಕೂ ಮುಂಚೆ ಕಾಣುವುದು ಈ ಭೂಶಿರದಲ್ಲಂತೆ! ಕೊನೆಗೆ ತೊಕಾವಾ: ಹಳೆಯ ಮರದ ಕಟ್ಟಡ, ಅಲ್ಲಿಂದ ಇಳಿಜಾರಿನ ಓಣಿಗಳು ನೇರ ಮೀನುಗಾರರ ಬಂದರಿಗೆ. ಇಷ್ಟೇ ರೈಲು.

ಇಷ್ಟು ಚಂದದ ರೈಲಿಗೆ ಏನು ಕೊರತೆ ಎಂದು ನೀವು ಕೇಳಬಹುದು. ಕೂರುವವರ ಕೊರತೆ. 1960ರ ದಶಕದಲ್ಲಿ ಚೋಶಿಯ ಜನಸಂಖ್ಯೆ 90,000 ದಾಟಿತ್ತು. 2020ರ ಜನಗಣತಿಯ ವೇಳೆಗೆ 60,000ಕ್ಕೂ ಕೆಳಗಿಳಿಯಿತು. ಇದ್ದವರಲ್ಲಿ ಹೆಚ್ಚಿನವರ ಮನೆಯಲ್ಲಿ ಕಾರಿದೆ. ರೈಲನ್ನು ನಂಬಿದವರು ಶಾಲೆಯ ಮಕ್ಕಳು ಮತ್ತು ಕಾರು ಓಡಿಸಲಾರದ ಮುದುಕರು. ಅವರಿಂದ ಬರುವ ಪುಡಿಗಾಸು ಎಷ್ಟು? ಆದರೆ ಖರ್ಚಿಗೆ ಇಂಥ ರಿಯಾಯಿತಿಯಿಲ್ಲ. ನಾಲ್ಕು ಮೈಲಿಯ ರೈಲಾದರೂ ಸ್ಲೀಪರು ಕೊಳೆತರೆ ಬದಲಾಯಿಸಬೇಕು, ರಸ್ತೆ ದಾಟುವಲ್ಲಿ ಗೇಟು ಸರಿಯಾಗಿ ಬೀಳಬೇಕು, ವಿದ್ಯುತ್ತು ಬರುತ್ತಿರಬೇಕು. ಜಪಾನಿನ ಕಾನೂನಿನ ಪ್ರಕಾರ ಪ್ರತಿ ಗಾಡಿಯ ಮುಖ್ಯ ಭಾಗಗಳನ್ನು ನಾಲ್ಕು ವರ್ಷಕ್ಕೊಮ್ಮೆಯೂ ಇಡೀ ಗಾಡಿಯನ್ನು ಎಂಟು ವರ್ಷಕ್ಕೊಮ್ಮೆಯೂ ಬಿಚ್ಚಿ ಪರೀಕ್ಷಿಸಬೇಕು. ದೊಡ್ಡ ಕಂಪನಿಗೂ ಅದೇ ಕಾನೂನು, ಇದಕ್ಕೂ ಅದೇ. ಅದು ಸರಿಯೇ, ಚಿಕ್ಕ ಗಾಡಿ ಹಳಿ ತಪ್ಪಿದರೂ ಮುರಿಯುವುದು ಮನುಷ್ಯರ ಎಲುಬೇ ಅಲ್ಲವೆ?

ಇದು ಚೋಶಿಯೊಂದರ ಪಾಡಲ್ಲ. ಜಪಾನಿನ ರಾಷ್ಟ್ರೀಯ ರೈಲ್ವೆ ಸಾಲದಲ್ಲಿ ಮುಳುಗಿದಾಗ, 1980ರ ಒಂದು ಕಾನೂನಿನಂತೆ ನಷ್ಟದ 83 ದಾರಿಗಳನ್ನು ಪಟ್ಟಿ ಮಾಡಿ ಕೈಬಿಟ್ಟರು. 45ರಲ್ಲಿ ಹಳಿ ಹೋಗಿ ಬಸ್ಸು ಬಂತು. 38ನ್ನು ಊರವರೂ ಪ್ರಾಂತಗಳೂ ಸೇರಿ ಬೇರೆ ಕಂಪನಿಗಳ ಮೂಲಕ ಉಳಿಸಿಕೊಂಡರು. ಚೋಶಿಯ ರೈಲು ಹುಟ್ಟಿನಿಂದಲೇ ಖಾಸಗಿಯದಾದ್ದರಿಂದ ಈ ಪಟ್ಟಿಯಲ್ಲಿರಲಿಲ್ಲ. ಆದರೆ ರೋಗ ಒಂದೇ.

ತಿಂಡಿ ಮಾರುವ ಯೋಚನೆ ಮೊದಲು ಬಂದದ್ದು 1976ರಲ್ಲಿ. ಮೀನಿನ ಆಕಾರದ ಅಚ್ಚಿನಲ್ಲಿ ಸಿಹಿಹೂರಣ ತುಂಬಿ ಸುಡುವ ‘ತಾಯಿಯಾಕಿ’ ಎಂಬ ತಿಂಡಿಯ ಮೇಲೆ ಆಗ ಒಂದು ಮಕ್ಕಳ ಹಾಡು ದೇಶದಲ್ಲೆಲ್ಲ ಮನೆಮಾತಾಗಿತ್ತು. ರೈಲಿನವರು ಕಾನ್ನೊನ್ ಸ್ಟೇಷನ್ನಿನಲ್ಲೇ ಅಚ್ಚು ಹೂಡಿ ಕೂತರು. 1995ರಲ್ಲಿ ಇನ್ನೊಂದು ತಿಂಡಿಗೆ ಕೈಹಾಕಿದರು: ನುರೆ-ಸೆನ್ಬೆಯಿ. ಸೆನ್ಬೆಯಿ ಎಂದರೆ ಅಕ್ಕಿಹಿಟ್ಟಿನ ಬಿಲ್ಲೆ, ಸುಟ್ಟಾಗ ಗರಿಗರಿಯಾಗಿರುತ್ತದೆ. ಅದನ್ನು ಬಿಸಿಬಿಸಿಯಿರುವಾಗಲೇ ಷೋಯುವಿನಲ್ಲಿ ಅದ್ದಿದರೆ ರಸ ಹೀರಿ ಮೆತ್ತಗಾಗುತ್ತದೆ. ‘ನುರೆ’ ಎಂದರೆ ಒದ್ದೆ. ಹಪ್ಪಳಕ್ಕೆ ಗಾಳಿ ತಾಗಿ ಮೆತ್ತಗಾದರೆ ನಮ್ಮ ಮನೆಗಳಲ್ಲಿ ಮುಖ ಸಿಂಡರಿಸುತ್ತೇವೆ. ಚೋಶಿಯವರು ಬೇಕೆಂದೇ ಮೆತ್ತಗೆ ಮಾಡಿ ಕಾಸು ಮಾಡಿಕೊಂಡರು! ಅಕ್ಕಿ ದೇಶದಲ್ಲಿ ಬೆಳೆದದ್ದು, ಷೋಯು ಊರಿನದು. ಬಿಲ್ಲೆಯ ಆದಾಯ ಕ್ರಮೇಣ ಟಿಕೆಟ್ಟಿನ ಆದಾಯವನ್ನು ಮೀರಿ ಎಷ್ಟೋ ಮುಂದೆ ಹೋಯಿತು.

ಇಷ್ಟಾದರೂ ಕಂಪನಿ ಮುಳುಗುವುದರಲ್ಲಿತ್ತು. ಕಾರಣ ಊರಿನ ಬಡತನವಲ್ಲ, ಮನೆಯೊಳಗಿನ ಕಳವು. ಕಂಪನಿಯ ಹಿಂದಿನ ಅಧ್ಯಕ್ಷನೊಬ್ಬ ಕಂಪನಿಯ ಹೆಸರಿನಲ್ಲಿ ಸಾಲ ಎತ್ತಿ ಸ್ವಂತಕ್ಕೆ ಬಳಸಿಕೊಂಡದ್ದು ಹೊರಬಿತ್ತು. 2006ರಲ್ಲಿ ಅವನ ಬಂಧನವಾಯಿತು. ಲೆಕ್ಕ ನೆಟ್ಟಗಿಲ್ಲದ ಕಂಪನಿಗೆ ಸಾರ್ವಜನಿಕರ ಹಣ ಕೊಡುವುದು ಹೇಗೆಂದು ಪ್ರಾಂತದವರೂ ನಗರದವರೂ ಸಹಾಯಧನ ನಿಲ್ಲಿಸಿದ್ದರು. ಅವರನ್ನು ದೂರುವಂತಿಲ್ಲ. ಆದರೆ ಶಿಕ್ಷೆ ಬಿದ್ದದ್ದು ಯಾರ ಮೇಲೆ? ಕಳ್ಳನ ಮೇಲಲ್ಲ, ಬೆಳಗ್ಗೆ ಎದ್ದು ಗಾಡಿ ತೆಗೆಯುವ ಡ್ರೈವರಿನ ಮೇಲೆ, ಶಾಲೆಗೆ ಹೊರಟ ಹುಡುಗನ ಮೇಲೆ. ಅದೇ ವರ್ಷದ ಕೊನೆಗೆ ಗಾಡಿಗಳ ಕಡ್ಡಾಯ ಪರೀಕ್ಷೆಯ ಅವಧಿ ಬಂತು. ಪರೀಕ್ಷೆ ಮಾಡಿಸದಿದ್ದರೆ ಗಾಡಿ ನಿಲ್ಲಿಸಬೇಕು. ಮಾಡಿಸಲು ಕೈಯಲ್ಲಿ ಹಣವಿಲ್ಲ.

2006ರ ನವೆಂಬರಿನಲ್ಲಿ ಕಂಪನಿಯವರು ತಮ್ಮ ಅಂತರ್ಜಾಲ ಪುಟದಲ್ಲಿ ಒಂದು ಪ್ರಕಟಣೆ ಹಾಕಿದರು. ಅದರಲ್ಲಿ ಆಡಳಿತದ ಭಾಷೆಯಿರಲಿಲ್ಲ. ಗಾಡಿ ರಿಪೇರಿಗೆ ದುಡ್ಡು ಸಂಪಾದಿಸಬೇಕಾಗಿದೆ, ದಯವಿಟ್ಟು ನಮ್ಮ ಒದ್ದೆ ಬಿಲ್ಲೆ ಕೊಳ್ಳಿ ಎಂಬುದು ಅದರ ಸಾರಾಂಶ. ಓದಿದವರು ಒಬ್ಬರಿಗೊಬ್ಬರು ಹೇಳಿದರು. ಪತ್ರಿಕೆಗಳೂ ಟೆಲಿವಿಷನ್ನೂ ಎತ್ತಿಕೊಂಡವು. ಚೋಶಿಯನ್ನು ಎಂದೂ ಕಾಣದವರು ದೇಶದ ಮೂಲೆಮೂಲೆಯಿಂದ ಬಿಲ್ಲೆಗೆ ಬರೆದರು. ಬೇಡಿಕೆ ಎಷ್ಟಾಯಿತೆಂದರೆ, ಮಾಡಿ ಪೂರೈಸಲಾರದೆ ಹೊಸ ಆರ್ಡರು ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಪರೀಕ್ಷೆ ನಡೆಯಿತು, ಗಾಡಿ ಉಳಿಯಿತು.

ಇದನ್ನು ಭಿಕ್ಷೆ ಎನ್ನಬಹುದೆ? ನಾನು ಯೋಚಿಸಿ ನೋಡಿದ್ದೇನೆ, ಹಾಗೆನ್ನಲಾರೆ. ಅವರು ಹಣ ಕೇಳಲಿಲ್ಲ, ಕೊಟ್ಟ ಹಣಕ್ಕೆ ಪೊಟ್ಟಣ ಕೊಟ್ಟರು. ಏಕೆ ಬೇಕು ಎಂಬುದನ್ನು ಮುಚ್ಚಿಡಲಿಲ್ಲ. ಲೆಕ್ಕ ಕದ್ದವನಿಂದ ಹೋದ ಮಾನ, ಲೆಕ್ಕ ತೆರೆದಿಟ್ಟವರಿಂದ ಮರಳಿತು ಎಂಬಷ್ಟನ್ನು ಹೇಳಬಲ್ಲೆ.

ಆದರೆ ಮನವಿ ಮಾಡಿದರೆ ಎಲ್ಲ ರೈಲೂ ಉಳಿಯುತ್ತವೆ ಎಂದುಕೊಳ್ಳಬೇಡಿ. ಚೋಶಿಯ ನೆರೆಯ ಇಬಾರಾಕಿ ಪ್ರಾಂತದಲ್ಲಿ, ಇಷಿಯೋಕಾದಿಂದ ಹೊಕೋತಾಕ್ಕೆ ಹೋಗುತ್ತಿದ್ದ ಕಾಶಿಮಾ ರೈಲ್ವೆ ಎಂಬುದೊಂದಿತ್ತು. 27 ಕಿಲೋಮೀಟರಿನ ದಾರಿ. ವಿಮಾನಪಡೆಯ ನೆಲೆಯೊಂದಕ್ಕೆ ಎಣ್ಣೆ ಸಾಗಿಸಿ ಅದು ಹೇಗೋ ನಡೆಯುತ್ತಿತ್ತು. 2001ರಲ್ಲಿ ಆ ಸಾಗಣೆ ನಿಂತಿತು. ಅದರಲ್ಲಿ ಓಡಾಡುತ್ತಿದ್ದ ಪ್ರೌಢಶಾಲೆಯ ಮಕ್ಕಳು ತಾವೇ ಸಂಘ ಕಟ್ಟಿ ರೈಲು ಉಳಿಸಿ ಎಂದು ವರ್ಷಗಟ್ಟಲೆ ದುಡಿದರು. ಫಲಿಸಲಿಲ್ಲ. ಚೋಶಿಯವರ ಪ್ರಕಟಣೆ ಹೊರಬಿದ್ದ ನಾಲ್ಕೇ ತಿಂಗಳಿಗೆ, 2007ರ ಮಾರ್ಚ್ 31ರಂದು, ಕಾಶಿಮಾ ರೈಲಿನ ಕೊನೆಯ ಗಾಡಿ ಓಡಿತು. ಆ ಮಕ್ಕಳ ಪ್ರೀತಿ ಚೋಶಿಯ ಪ್ರೀತಿಗಿಂತ ಕಡಮೆಯದೇನಲ್ಲ. ಅವರ ಕೈಯಲ್ಲಿ ಮಾರುವುದಕ್ಕೆ ಬಿಲ್ಲೆಯಿರಲಿಲ್ಲ.

ಬಿಲ್ಲೆಯಿದ್ದ ಚೋಶಿಗೂ ಬಿಲ್ಲೆಯೊಂದರಿಂದಲೇ ಸಾಗಲಿಲ್ಲ. 2011ರ ಮಹಾಭೂಕಂಪದ ಬಳಿಕ ಪ್ರವಾಸಿಗಳು ಬರುವುದು ಕಡಮೆಯಾಯಿತು. 2013ರಲ್ಲಿ, ತಮ್ಮಷ್ಟಕ್ಕೆ ತಾವೇ ಚೇತರಿಸಿಕೊಳ್ಳಲಾರೆವೆಂದು ಒಪ್ಪಿಕೊಂಡು ಸರ್ಕಾರ, ಪ್ರಾಂತ, ನಗರಗಳ ನೆರವು ಕೇಳಿದರು. 2014ರ ಜನವರಿಯಲ್ಲಿ ಕಾಸಗಾಮಿ-ಕುರೊಹಾಯೆ ಬಳಿ ಗಾಡಿಯೊಂದು ಹಳಿ ತಪ್ಪಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೆಟ್ಟ ಗಾಡಿಯ ರಿಪೇರಿಗೆ ಮತ್ತೆ ಹಣವಿಲ್ಲ. ಈ ಸಲ ಊರಿನ ವಾಣಿಜ್ಯ ಪ್ರೌಢಶಾಲೆಯ ವಿದ್ಯಾರ್ಥಿಗಳು ಅಂತರ್ಜಾಲದ ಮೂಲಕ ಚಂದಾ ಎತ್ತಿದರು. ಪುಸ್ತಕದಲ್ಲಿ ಕಲಿತ ಜಮಾಖರ್ಚನ್ನು ಊರಿನ ಗಾಡಿಯ ಮೇಲೆ ಪ್ರಯೋಗಿಸಿ ನೋಡಿದರು ಎನ್ನೋಣ. 2015ರಲ್ಲಿ ಆ ಗಾಡಿ ಮತ್ತೆ ಹಳಿ ಏರಿತು.

2012ರಲ್ಲಿ ಕಂಪನಿಯ ಅಧ್ಯಕ್ಷರಾದ ಕಟ್ಸುನೋರಿ ತಾಕೆಮೊತೊ ಮೂಲತಃ ತೆರಿಗೆಯ ಲೆಕ್ಕಿಗರು. ಕಷ್ಟವನ್ನು ಮುಚ್ಚಿಕೊಳ್ಳುವ ಬದಲು ಅದನ್ನೇ ನಗೆಯಾಗಿಸಿ ಮಾರುವುದು ಅವರ ಕಾಲದ ಪದ್ಧತಿ. 2018ರಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಬ್ಬುಕಡ್ಡಿಯೊಂದನ್ನು ‘ಮಜುಯಿ ಬೋ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ‘ಮಜುಯಿ’ಗೆ ನಮ್ಮ ‘ಕೆಟ್ಟ’ ಎಂಬ ಮಾತು ಚೆನ್ನಾಗಿ ಹೊಂದುತ್ತದೆ. ರುಚಿ ಕೆಟ್ಟಿದೆ ಎನ್ನುವುದಕ್ಕೂ ಸ್ಥಿತಿ ಕೆಟ್ಟಿದೆ ಎನ್ನುವುದಕ್ಕೂ ಅದೇ ಶಬ್ದ. ಕೆಟ್ಟಿರುವುದು ಕಡ್ಡಿಯಲ್ಲ, ಕಂಪನಿಯ ಸ್ಥಿತಿ ಎಂಬುದು ತಮಾಷೆ. ಸ್ಟೇಷನ್ನುಗಳಿಗೆ ಅಡ್ಡಹೆಸರು ಇಡುವ ಹಕ್ಕನ್ನೂ ಹಣಕ್ಕೆ ಕೊಟ್ಟರು. ಕಾಸಗಾಮಿ-ಕುರೊಹಾಯೆಗೆ ‘ಕಾಮಿನೋಕೆ-ಕುರೊಹಾಯೆ’ ಎಂಬ ಹೆಸರು ಬಂತು. ತಲೆಗೂದಲು ಕಪ್ಪಗೆ ಬೆಳೆಯಲಿ ಎಂದು ಅದರರ್ಥ. ಕೊಂಡವರು ಕೂದಲಿನ ಆರೈಕೆಯ ವ್ಯಾಪಾರದವರೆಂದು ಬೇರೆ ಹೇಳಬೇಕೆ? ಬೇಸಗೆಯಲ್ಲಿ ದೆವ್ವದ ಗಾಡಿ ಓಡಿಸಿದರು. 2020ರಲ್ಲಿ ‘ಗಾಡಿ ನಿಲ್ಲಿಸಬೇಡಿ’ ಎಂಬ ಅರ್ಥದ ಹೆಸರಿಟ್ಟು ಒಂದು ಚಲನಚಿತ್ರವನ್ನೇ ತೆಗೆದರು. ಅದರ ಉಪಶೀರ್ಷಿಕೆಯಲ್ಲಿ 6.4 ಕಿಲೋಮೀಟರಿಗೆ ‘ನೊರೊಯಿ’ ಎಂಬ ವಿಶೇಷಣ ಹಚ್ಚಿದ್ದಾರೆ. ಅದಕ್ಕೆ ‘ಶಪಿತ’ ಎಂದೂ ಅರ್ಥ, ‘ನಿಧಾನದ’ ಎಂದೂ ಅರ್ಥ. ಇಷ್ಟೆಲ್ಲ ನಗೆಯ ನಡುವೆ ಅಧ್ಯಕ್ಷರು 2016ರಲ್ಲಿ ರೈಲು ಓಡಿಸುವ ಲೈಸೆನ್ಸನ್ನೂ ಪಡೆದುಕೊಂಡರು.

ನನಗೆ ಈ ಕೋಡಂಗಿತನ ಮೊದಲು ಅಷ್ಟಾಗಿ ಹಿಡಿಸಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ರೈಲಿಗೊಂದು ಗಾಂಭೀರ್ಯ ಬೇಡವೆ ಎನಿಸಿತು. ಆದರೆ ಒಂದನ್ನು ಗಮನಿಸಿ. ಹಾಸ್ಯವೆಲ್ಲ ತಿಂಡಿಯಲ್ಲಿ, ಹೆಸರಿನಲ್ಲಿ. ಗಾಡಿಯ ಪರೀಕ್ಷೆಯಲ್ಲಿ ಹಾಸ್ಯವಿಲ್ಲ. ಬಂದ ಹಣ ಹೋಗುವುದು ಅಲ್ಲಿಗೇ. ಇಷ್ಟಾಗಿಯೂ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದೇ ಇದೆ. ಒಂದು ಊರಿನ ಮಕ್ಕಳು ಶಾಲೆಗೆ ಹೋಗುವ ರೈಲು, ಬೇರೆ ಊರಿನವರ ಬಾಯಿರುಚಿಯನ್ನು ನಂಬಿಕೊಂಡು ನಡೆಯಬೇಕೆ? ಬಿಲ್ಲೆ ಬೇಸರವಾದ ದಿನ ಏನು ಗತಿ? ರಸ್ತೆಯಲ್ಲಿ ಗುಂಡಿ ಬಿದ್ದರೆ ಮುಚ್ಚಲು ಯಾರೂ ತಿಂಡಿ ಮಾರುವುದಿಲ್ಲ. ಅದಕ್ಕೆ ತೆರಿಗೆಯ ಹಣವಿದೆ. ರಸ್ತೆಗೊಂದು ನ್ಯಾಯ, ಹಳಿಗೊಂದು ನ್ಯಾಯವೇಕೆ ಎಂದು ಜಪಾನಿನಲ್ಲೂ ಕೇಳುವವರಿದ್ದಾರೆ. ಒಪ್ಪುವಂಥ ಉತ್ತರ ಇನ್ನೂ ದೊರೆತಿಲ್ಲ.

ಹೊಸ ಗಾಡಿ ಕೊಳ್ಳುವ ಶಕ್ತಿ ಈ ಕಂಪನಿಗಿಲ್ಲ. ಬೇರೆಯವರು ಓಡಿಸಿ ಬಿಟ್ಟದ್ದನ್ನೇ ತರುತ್ತಾರೆ. 2010ರಲ್ಲಿಯೂ 2016ರಲ್ಲಿಯೂ ಓಡತೊಡಗಿದ ಗಾಡಿಗಳು ಮೊದಲು ಟೋಕಿಯೋದಲ್ಲಿ, ಆಮೇಲೆ ಶಿಕೋಕು ದ್ವೀಪದಲ್ಲಿ ದುಡಿದು, ಮೂರನೆಯ ಮನೆಯಾಗಿ ಚೋಶಿಗೆ ಬಂದವು. ಮತ್ತೆ 2024ರ ಮಾರ್ಚ್ ತಿಂಗಳಲ್ಲಿ ಎರಡು ಡಬ್ಬಿಯ ಇನ್ನೊಂದು ಗಾಡಿ ಓಡತೊಡಗಿತು. ಐವತ್ತು ವರ್ಷ ದಾಟಿದ ಮುದಿಗಾಡಿ. ಅದು ಬಂದದ್ದು ಓಸಾಕಾದಿಂದ ವಾಕಾಯಾಮಾಕ್ಕೆ ರೈಲು ನಡೆಸುವ ನಾನ್ಕಾಯಿ ಕಂಪನಿಯಿಂದ. ವಾಕಾಯಾಮಾ ಎಂದರೆ ಹಿಂದೆ ಹೇಳಿದ ಕಿಶೂ. ಯಾಮಾಸಾವನ್ನು ತೆರೆದವನು ಅಲ್ಲಿಯವನು. ತೊಕಾವಾದ ಬಂದರನ್ನು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದವನೂ ಅಲ್ಲಿಯವನೇ. ಮುನ್ನೂರೈವತ್ತು ವರ್ಷಗಳ ಮೇಲೆ ಆ ಸೀಮೆಯ ಗಾಡಿಯೂ ಬಂದು ಈಗ ಷೋಯು ಕಾರ್ಖಾನೆಯ ಪಕ್ಕದಿಂದ ಹೊರಟು, ಎಲೆಕೋಸಿನ ಹೊಲ ದಾಟಿ, ತೊಕಾವಾದಲ್ಲಿ ಸ್ವಲ್ಪ ನಿಂತು, ಬಂದ ದಾರಿಯಲ್ಲೇ ಚೋಶಿಗೆ ಹಿಂತಿರುಗುತ್ತಿದೆ. ಕಂಡಕ್ಟರು ಟಿಕೆಟ್ಟು ಕೊಡುತ್ತ ಬರುತ್ತಾರೆ. ಇನುಬೋದಲ್ಲಿ ಇಳಿದವರು ಹತ್ತುವಾಗ ಕೈಯಲ್ಲಿ ಒಂದು ಪೊಟ್ಟಣ ಹಿಡಿದಿರುತ್ತಾರೆ.